ಬೀದಿ ಯಾರಿಗೆ ತೆರೆದಿದೆ?

ಹೋದ ಬೇಸಗೆಯ ರಜೆಯಲ್ಲಿ ಬೆಂಗಳೂರಿನಿಂದ ಬಂದಿದ್ದ ಮೊಮ್ಮಗನನ್ನು ಕರೆದುಕೊಂಡು ಒಂದು ಸಂಜೆ ಗಾಂಧಿನಗರದ ನಮ್ಮ ಮನೆಯಿಂದ ಬಳ್ಳಾರಿಯ ಹಳೆಯ ಪೇಟೆಯ ಕಡೆಗೆ ಹೊರಟಿದ್ದೆ. ಹುಡುಗನಿಗೆ ಹತ್ತು ವರ್ಷ. ಕಣ್ಣಿಗೆ ಬಿದ್ದ ಬೋರ್ಡುಗಳನ್ನೆಲ್ಲ ಗಟ್ಟಿಯಾಗಿ ಓದುವ ಚಟ. ಒಂದು ಅಂಗಡಿಯ ಹಲಗೆಯ ಅಡಿಯಲ್ಲಿ ‘ಕಾರ್ ಸ್ಟ್ರೀಟ್, ಬಳ್ಳಾರಿ’ ಎಂದು ಬರೆದದ್ದನ್ನು ಓದಿ ಅಲ್ಲಿಯೇ ನಿಂತುಬಿಟ್ಟ.

“ತಾತಾ, ಇದು ಕಾರುಗಳ ರಸ್ತೆಯಾ? ಹಾಗಾದರೆ ನಾವಿಲ್ಲಿ ನಡೆಯಬಾರದಾ?”

ನನಗೆ ನಗು ಬಂತು. ಇದು ಪೆಟ್ರೋಲು ಕುಡಿಯುವ ಕಾರಲ್ಲಪ್ಪ, ದೇವರು ಕೂಡುವ ತೇರು; ತೇರುಬೀದಿಯನ್ನೇ ಇಂಗ್ಲಿಷರು ಕಾರ್ ಸ್ಟ್ರೀಟ್ ಎಂದು ಕರೆದರು; ಮೋಟಾರು ಹುಟ್ಟುವುದಕ್ಕೆ ಎಷ್ಟೋ ಮೊದಲೇ ಅವರು ನಮ್ಮ ರಥಕ್ಕೆ ಆ ಹೆಸರಿಟ್ಟಿದ್ದರು; ಮಂಗಳೂರಿನಲ್ಲಿಯೂ ಉಡುಪಿಯಲ್ಲಿಯೂ ಇಂಥದೇ ಬೀದಿಗಳಿವೆ ಎಂದು ವಿವರಿಸಿದೆ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಕೇಳಿದ: “ತೇರು ಬರುವ ದಿನ ಕಾರುಗಳು ಎಲ್ಲಿ ಹೋಗ್ತಾವೆ?” ಆ ದಿನ ಅವನ್ನು ಬಿಡುವುದಿಲ್ಲ ಎಂದೆ. “ಹಾಗಾದರೆ ಆವತ್ತು ರಸ್ತೆ ಬಂದಾ?”

ಬಂದ್ ಅಲ್ಲ, ಆವತ್ತು ಜಾತ್ರೆ ಎಂದೆ. ಹೇಳಿದ ಮೇಲೆ ಆ ಮಾತು ನನ್ನನ್ನೇ ಹಿಡಿದುಕೊಂಡಿತು. ಮನೆಗೆ ಹಿಂತಿರುಗಿ ಕೈಕಾಲು ತೊಳೆದು ಊಟಕ್ಕೆ ಕುಳಿತರೂ ಬಿಡಲಿಲ್ಲ. ವರ್ಷದ ಮುನ್ನೂರ ಅರವತ್ತು ದಿನ ನೂರು ಜನ ಅಂಚಿನಲ್ಲಿ ಒತ್ತರಿಸಿಕೊಂಡು ಅಂಜುತ್ತ ನಡೆಯುವ ಬೀದಿಯನ್ನು ನಾವು ‘ತೆರೆದಿದೆ’ ಎನ್ನುತ್ತೇವೆ. ಅದೇ ಬೀದಿಯಲ್ಲಿ ಹತ್ತು ಸಾವಿರ ಜನ ಮಕ್ಕಳು ಮರಿ ಕಟ್ಟಿಕೊಂಡು ನಿರಾತಂಕವಾಗಿ ತುಂಬಿ ಹರಿಯುವ ದಿನ ಪೊಲೀಸಿನವರು ‘ರಸ್ತೆ ಮುಚ್ಚಿದೆ’ ಎಂಬ ಹಲಗೆ ನಿಲ್ಲಿಸುತ್ತಾರೆ. ಪತ್ರಿಕೆಯಲ್ಲಿ ‘ಸಂಚಾರ ನಿಷೇಧ’ ಎಂಬ ಪ್ರಕಟಣೆ ಬರುತ್ತದೆ. ಈ ‘ಸಂಚಾರ’ ಎಂಬ ಮಾತನ್ನೇ ನೋಡಿ. ಹರಿದಾಸರು ಊರೂರು ಸಂಚಾರ ಮಾಡಿದರು ಎಂದರೆ ಅವರು ಕಾಲಿನಲ್ಲಿ ನಡೆದರು ಎಂದೇ ಅರ್ಥ. ಜಂಗಮನ ಸಂಚಾರವೂ ಹಾಗೆಯೇ. ನಮ್ಮ ಕಾಲದಲ್ಲಿ ಆ ಮಾತಿನಿಂದ ಮನುಷ್ಯನನ್ನು ಇಳಿಸಿ ವಾಹನವನ್ನು ಹತ್ತಿಸಿಬಿಟ್ಟಿದ್ದೇವೆ. ‘ಸಂಚಾರ ದಟ್ಟಣೆ’ ಎಂದರೆ ಯಾರೂ ಜನರ ದಟ್ಟಣೆಯನ್ನು ನೆನೆಯುವುದಿಲ್ಲ.

ಮಾತಿನ ವಿಷಯವನ್ನು ಇಷ್ಟು ಹಿಗ್ಗಿಸುವುದಕ್ಕೆ ಕಾರಣವಿದೆ. ನಡೆಯುವವರಿಗೆ ಬಿಟ್ಟುಕೊಟ್ಟ ಒಂದು ಪೇಟೆಬೀದಿಯನ್ನು ಮತ್ತೆ ವಾಹನಗಳಿಗೆ ತೆರೆಯಬೇಕೆ, ಬೇಡವೆ ಎಂಬ ಪ್ರಶ್ನೆ ಈಗ ಅನೇಕ ಊರುಗಳನ್ನು ಕಾಡುತ್ತಿದೆ. ‘ತೆರೆಯಬೇಕೆ’ ಎಂದು ಕೇಳಿದ ಕೂಡಲೇ ಅರ್ಧ ತೀರ್ಪು ಕೊಟ್ಟ ಹಾಗಾಯಿತು. ಮುಚ್ಚಿದ್ದನ್ನು ತೆರೆಯುವುದು ಒಳ್ಳೆಯದಲ್ಲವೆ? ಮುಚ್ಚಿದ ಬಾಗಿಲು, ಮುಚ್ಚಿದ ಮನಸ್ಸು ಇವನ್ನು ಯಾರು ತಾನೆ ಹೊಗಳುತ್ತಾರೆ? ವಾದಕ್ಕೆ ಕೂಡುವ ಮೊದಲೇ ನಡೆಯುವವನು ಸೋತಿರುತ್ತಾನೆ.

ಕನ್ನಡನಾಡಿನಲ್ಲಿ ಈ ಪ್ರಶ್ನೆ ಕಣ್ಣಿಗೆ ಕಾಣುವಂತೆ ಎದ್ದದ್ದು ಬೆಂಗಳೂರಿನ ಚರ್ಚ್ ಸ್ಟ್ರೀಟಿನಲ್ಲಿ. ಬ್ರಿಗೇಡ್ ರಸ್ತೆಯಿಂದ ಸೇಂಟ್ ಮಾರ್ಕ್ಸ್ ರಸ್ತೆಯವರೆಗೆ ಹೋಗುವ ಈ ಬೀದಿ ಮುಕ್ಕಾಲು ಕಿಲೋಮೀಟರು ಸಹ ಉದ್ದವಿಲ್ಲ. ಹಳೆಯ ಪುಸ್ತಕದ ಅಂಗಡಿಗಳಿಗಾಗಿ ನಮ್ಮಂಥವರು ಅಲ್ಲಿಗೆ ಹೋಗುತ್ತೇವೆ. ಉಳಿದವರು ತಿಂಡಿ ಕಾಫಿಗಾಗಿ ಹೋಗುತ್ತಾರೆ. 2018ರಲ್ಲಿ ಆ ಬೀದಿಗೆ ಡಾಂಬರಿನ ಬದಲು ಕಲ್ಲು ಹಾಸಿ, ಕಾಲುದಾರಿಯನ್ನು ಅಗಲ ಮಾಡಿ ಹೊಸದಾಗಿ ಕಟ್ಟಿದರು. 2020ರ ನವೆಂಬರಿನಲ್ಲಿ ಸರ್ಕಾರದ ನಗರ ಭೂಸಾರಿಗೆ ನಿರ್ದೇಶನಾಲಯದವರು ಅಲ್ಲಿ ಒಂದು ಪ್ರಯೋಗ ಆರಂಭಿಸಿದರು. ಶನಿವಾರ ಭಾನುವಾರಗಳಂದು ಬೀದಿಗೆ ಮೋಟಾರು ವಾಹನ ಬರಕೂಡದು, ನಡೆಯುವವರಿಗೆ ಮಾತ್ರ. 2021ರ ಫೆಬ್ರವರಿಯವರೆಗೆ ಇದು ನಡೆಯಿತು. ಭಾರತೀಯ ವಿಜ್ಞಾನ ಸಂಸ್ಥೆಯವರು ಅಲ್ಲಿಯ ಗಾಳಿಯನ್ನು ಅಳೆದರು, ಬಂದವರ ಅಭಿಪ್ರಾಯ ಕೇಳಿದರು. ಗಾಳಿ ತಿಳಿಯಾಯಿತು, ಬಂದವರಲ್ಲಿ ಬಹುಮಂದಿ ಮೆಚ್ಚಿದರು ಎಂದು ವರದಿಯಾಯಿತು. ಅಂಗಡಿಯವರಲ್ಲಿ ಮಾತ್ರ ಒಮ್ಮತವಿರಲಿಲ್ಲ. ಜನ ಹೆಚ್ಚಾದರೆಂದು ಕೆಲವರಿಗೆ ಸಂತೋಷ. ಕಾರು ನಿಲ್ಲಿಸಲು ಜಾಗವಿಲ್ಲದೆ ಹಳೆಯ ಗಿರಾಕಿ ತಪ್ಪಿದನೆಂದು ಕೆಲವರಿಗೆ ವ್ಯಥೆ.

ಆ ಜನವರಿಯಲ್ಲಿ ನಾನೂ ನಮ್ಮ ಅಕ್ಕನೂ ಬೆಂಗಳೂರಿನಲ್ಲಿದ್ದೆವು. ಅಕ್ಕನಿಗೆ ಎಪ್ಪತ್ತು ದಾಟಿದೆ, ಎರಡು ಮೊಣಕಾಲೂ ಮುಷ್ಕರ ಹೂಡಿವೆ. ಸೋಂಕಿನ ಕಾಲ ಬೇರೆ. ಮೂಗು ಬಾಯಿ ಕಟ್ಟಿಕೊಂಡು, ಬೇಡವೆಂದರೂ ಕೇಳದೆ ನನ್ನ ಜತೆ ಹೊರಟಳು. ಆಟೋದವನು ಬೀದಿಯ ತುದಿಯಲ್ಲಿ ಇಳಿಸಿದ. ಇಳಿದವಳು ಎರಡು ನಿಮಿಷ ನಿಂತು ನೋಡಿದಳು. ರಸ್ತೆಯ ನಡುವೆ ಮಕ್ಕಳು ಓಡುತ್ತಿದ್ದವು. ಯಾರೋ ಗಿಟಾರು ಬಾರಿಸುತ್ತಿದ್ದರು. ಒಬ್ಬ ತಾಯಿ ಮಗುವಿನ ಕೈಬಿಟ್ಟು ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ರಸ್ತೆಯಲ್ಲಿ ಮಗುವಿನ ಕೈಬಿಡುವುದು! ಅಕ್ಕ ನನ್ನ ಕಡೆ ತಿರುಗಿ, “ಏನೋ ತಮ್ಮಾ, ಇವತ್ತು ಇಲ್ಲಿ ಜಾತ್ರಿ ಏನು?” ಎಂದಳು. ಆ ಬೀದಿಯನ್ನು ಅವಳು ನಾಲ್ಕು ಕಡೆ ಕುಳಿತು, ಎದ್ದು, ಮುಕ್ಕಾಲು ಗಂಟೆಯಲ್ಲಿ ಮುಗಿಸಿದಳು. ಕೂಡುವುದಕ್ಕೆ ಅಲ್ಲಲ್ಲಿ ಆಸನವಿತ್ತು, ಅದಕ್ಕೇ ಮುಗಿಸಿದಳು. ಇದನ್ನು ವಾಚಕರು ನೆನಪಿಡಬೇಕು. ಮುಂದೆ ಇದೇ ಅಕ್ಕ ನನ್ನ ವಾದಕ್ಕೆ ಅಡ್ಡ ಬರುವವಳಿದ್ದಾಳೆ.

ಫೆಬ್ರವರಿ ಮುಗಿಯಿತು, ಅವಧಿ ತೀರಿತು, ವಾಹನಗಳು ಹಿಂತಿರುಗಿದವು. ನನಗೆ ಯೋಚನೆ ಹತ್ತಿದ್ದು ಈ ಹಿಂತಿರುಗುವಿಕೆಯ ರೀತಿಯಿಂದ. ನಡೆಯುವವರಿಗೆ ಬೀದಿ ಸಿಕ್ಕಬೇಕಾದರೆ ಆದೇಶ ಬೇಕು, ಪ್ರಯೋಗ ಬೇಕು, ಯಂತ್ರವಿಟ್ಟು ಗಾಳಿ ಅಳೆಯಬೇಕು, ಉದ್ಘಾಟನೆಗೆ ಮುಖ್ಯಮಂತ್ರಿಗಳು ಬರಬೇಕು. ವಾಹನಕ್ಕೆ ಬೀದಿ ಮರಳಿ ಸಿಕ್ಕಬೇಕಾದರೆ ಅವಧಿ ತೀರಿದರೆ ಸಾಕು. ಒಂದು ಪಕ್ಷಕ್ಕೆ ಬೀದಿ ಸ್ವಂತ ಮನೆ; ಇನ್ನೊಂದು ಪಕ್ಷಕ್ಕೆ ಕರಾರಿನ ಬಾಡಿಗೆ. ಯಾವ ಕಾನೂನು ಇದನ್ನು ಹೀಗೆ ಹಂಚಿತು? ಯಾವುದೂ ಇಲ್ಲ. ಬೀದಿ ಹುಟ್ಟಿದ್ದು ಕಾಲಿನಿಂದ. ಮೋಟಾರು ಬಂದು ನೂರ ಚಿಲ್ಲರೆ ವರ್ಷವಾಯಿತು. ನಡುವೆ ಎಲ್ಲಿಯೋ ಒಡೆಯನೂ ಒಕ್ಕಲೂ ಜಾಗ ಬದಲಿಸಿಕೊಂಡರು. ಯಾರೂ ಪತ್ರಕ್ಕೆ ಸಹಿ ಹಾಕಲಿಲ್ಲ.

ಗೋಮಾಳದ ಕತೆಯೂ ಹೀಗೆಯೇ ಅಲ್ಲವೆ? ಊರ ದನಗಳಿಗೆಲ್ಲ ಸೇರಿದ ಹುಲ್ಲುಗಾವಲು. ಆದರೆ ನಲವತ್ತು ದನವಿದ್ದವನು ನಲವತ್ತು ಪಾಲು ಮೇಯಿಸುತ್ತಾನೆ, ಒಂದು ಮೇಕೆಯಿದ್ದವಳು ಒಂದು ಪಾಲು. ಇಬ್ಬರಿಗೂ ಸಮಾನವಾಗಿ ತೆರೆದಿದೆ ಎಂದು ಶಾನುಭೋಗರ ಲೆಕ್ಕ. ಒಂದು ಕಾರು ಸುಮ್ಮನೆ ನಿಂತಿರಲು ಹನ್ನೆರಡು ಚದರ ಮೀಟರಿನಷ್ಟು ನೆಲ ಬೇಕು. ಮನುಷ್ಯ ನಿಲ್ಲಲು ಒಂದು ಚದರ ಮೀಟರೂ ಬೇಡ. ಅಂಗಡಿಯ ಮುಂದೆ ಕಾರು ನಿಲ್ಲಿಸಿ ಒಳಗೆ ಹೋದವನು ತಾನು ಯಾರ ಜಾಗವನ್ನೂ ಕಿತ್ತುಕೊಳ್ಳಲಿಲ್ಲವೆಂದು ಪ್ರಾಮಾಣಿಕವಾಗಿಯೇ ನಂಬುತ್ತಾನೆ. ಬೀದಿ ಎಲ್ಲರಿಗೂ ತೆರೆದಿದೆಯಲ್ಲ!

ನನ್ನ ಸ್ನೇಹಿತರೊಬ್ಬರಿದ್ದಾರೆ, ನಿವೃತ್ತ ಗಣಿತದ ಮೇಷ್ಟ್ರು. ಅವರು ಇಂಥ ಉಪಮೆಗಳಿಗೆ ಬಗ್ಗುವವರಲ್ಲ. “ಪೇಟೆಯ ಒಂದು ಬೀದಿಯಲ್ಲಿ ವಾಹನ ನಿಲ್ಲಿಸಿದರೆ ಸುತ್ತಿಕೊಂಡು ಹೋಗಬೇಕಾದ ಸಾವಿರ ಜನಕ್ಕೆ ಮೂರು ಮೂರು ನಿಮಿಷ ತಡ. ದಿನಕ್ಕೆ ಮೂರು ಸಾವಿರ ನಿಮಿಷ. ಐವತ್ತು ಗಂಟೆ! ಒಂದು ಬೀದಿಯಲ್ಲಿ ಗಿಟಾರು ಕೇಳುವುದಕ್ಕೆ ಇಷ್ಟು ಬೆಲೆಯೇ?” ಎಂದರು. ಲೆಕ್ಕ ತಪ್ಪಿಲ್ಲ. ಆದರೆ ಆ ಐವತ್ತು ಗಂಟೆಯನ್ನು ಅನುಭವಿಸಿದ ಮನುಷ್ಯ ಎಲ್ಲಿದ್ದಾನೆ ಸ್ವಾಮಿ ಎಂದು ಕೇಳಿದೆ. ಸಾವಿರ ಜನಕ್ಕೆ ಒಂದೊಂದು ಸೊಳ್ಳೆ ಕಚ್ಚಿದರೆ ಅದನ್ನೆಲ್ಲ ಕೂಡಿಸಿ ಒಂದು ಹಾವು ಕಚ್ಚಿತೆಂದು ಹೇಳುವುದುಂಟೆ? ಮೇಷ್ಟ್ರು ಬಿಡಲಿಲ್ಲ. “ಹಾಗಾದರೆ ನಿಮ್ಮ ನಡೆಯುವವರ ಸಂತೋಷವೂ ಸಣ್ಣಸಣ್ಣದೇ. ಅದನ್ನೂ ಕೂಡಿಸಬೇಡಿ” ಎಂದರು.

ನಿಜ. ನಾನು ಒಪ್ಪಿದೆ. ಕೂಡಿಸುವ ಲೆಕ್ಕವನ್ನೇ ಬಿಡೋಣ. ಒಂದೊಂದು ಪಕ್ಷದಲ್ಲಿಯೂ ಅತ್ಯಂತ ಹೆಚ್ಚು ಕಷ್ಟಪಡುವ ಒಬ್ಬನನ್ನು ತಂದು ಎದುರಿಗೆ ನಿಲ್ಲಿಸೋಣ. ಬೀದಿಯನ್ನು ಹಾದುಹೋಗುವ ಕಾರಿನವನ ಕಡೆಯಿಂದ ಬಂದು ನಿಲ್ಲುವವನು ಮೂರು ನಿಮಿಷ ಕಳೆದುಕೊಂಡವನು. ಆಂಬುಲೆನ್ಸಿಗೂ ಬೆಂಕಿ ಆರಿಸುವ ಬಂಡಿಗೂ ಎಲ್ಲ ಊರುಗಳಲ್ಲಿಯೂ ದಾರಿ ಬಿಡುತ್ತಾರೆ, ಅದನ್ನು ವಾದಕ್ಕೆ ಎಳೆಯಬಾರದು. ನಡೆಯುವವರ ಕಡೆಯಿಂದ ಬಂದು ನಿಲ್ಲುವವರಲ್ಲಿ ಮಗುವಿನ ಕೈಬಿಡಲಾರದ ತಾಯಿ, ರಸ್ತೆ ದಾಟಲಾರದೆ ಈಚೆ ದಡದಲ್ಲಿಯೇ ಉಳಿದ ಮುದುಕ, ಇವರೇ ಅಲ್ಲ, ಎದ್ದು ಬಂದು ನಿಲ್ಲಲಾರದವರೂ ಇದ್ದಾರೆ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತ 1,68,491 ಜನರಲ್ಲಿ 32,825 ಮಂದಿ ನಡೆದುಹೋಗುತ್ತಿದ್ದವರು ಎಂದು ಕೇಂದ್ರ ಸರ್ಕಾರದ ವರದಿಯೇ ಹೇಳುತ್ತದೆ. ಅವರೆಲ್ಲ ಪೇಟೆಬೀದಿಯಲ್ಲಿ ಸತ್ತವರಲ್ಲ. ಬಹುಮಂದಿ ಹೆದ್ದಾರಿಯಲ್ಲಿ ಸತ್ತಿರಬಹುದು. ಆದರೆ ಯಾವ ರಸ್ತೆಯಲ್ಲಾದರೂ ಎರಡು ಪಕ್ಷಗಳು ಸಮಬಲದವಲ್ಲ ಎಂಬುದಕ್ಕೆ ಈ ಸಂಖ್ಯೆ ಸಾಕು. ನಡೆಯುವವನು ಕಾರಿಗೆ ಡಿಕ್ಕಿ ಹೊಡೆದು ಕಾರಿನವನು ಸತ್ತದ್ದನ್ನು ನಾನು ಕೇಳಿಲ್ಲ. ಮೇಷ್ಟ್ರು ತಲೆದೂಗಿದರು, ಸೋತರೆಂದಲ್ಲ, ಕಾಫಿ ಬಂತು.

ಹಾಗೆಂದು ಮುಚ್ಚಿದ ಬೀದಿಯೆಲ್ಲ ಉದ್ಧಾರವಾಯಿತೆಂದು ಹೇಳಿದರೆ ಅದು ಸತ್ಯವಾಗುವುದಿಲ್ಲ. ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ನಿನಲ್ಲಿ ಸ್ಟ್ರೋಯೆಟ್ ಎಂಬ ಪೇಟೆಬೀದಿಯನ್ನು 1962ರ ನವೆಂಬರಿನಲ್ಲಿ ಪ್ರಯೋಗವಾಗಿ ವಾಹನಗಳಿಗೆ ಮುಚ್ಚಿದರು. ನಾವೇನು ಇಟಲಿಯವರೇ, ಈ ಚಳಿಯಲ್ಲಿ ಬೀದಿಯಲ್ಲಿ ಅಡ್ಡಾಡುವವರು ಯಾರು, ವ್ಯಾಪಾರ ಹಾಳಾಗುತ್ತದೆ ಎಂದು ವರ್ತಕರು ಗೋಳಾಡಿದರು. ವ್ಯಾಪಾರ ಹಾಳಾಗಲಿಲ್ಲ, 1964ರಲ್ಲಿ ಅದನ್ನು ಕಾಯಂ ಮಾಡಿದರು, ಇಂದಿಗೂ ಹಾಗೆಯೇ ಇದೆ. ಅಮೆರಿಕದ ಕತೆ ಬೇರೆ. ಮಿಚಿಗನ್ ಪ್ರಾಂತ್ಯದ ಕಲಮಜೂ ಎಂಬ ಊರಿನವರು 1959ರಲ್ಲಿಯೇ, ಅಂದರೆ ಡೇನರಿಗಿಂತ ಮೊದಲೇ, ತಮ್ಮ ಮುಖ್ಯಬೀದಿಯನ್ನು ನಡೆಯುವವರಿಗೆ ಬಿಟ್ಟುಕೊಟ್ಟರು. ಅದನ್ನು ನೋಡಿ ಆ ದೇಶದಲ್ಲಿ ಇನ್ನೂರರಷ್ಟು ಊರುಗಳು ಹಾಗೆಯೇ ಮಾಡಿದವು. ಅವುಗಳಲ್ಲಿ ಹೆಚ್ಚಿನವು ಒಂದೊಂದಾಗಿ ವಾಹನಗಳಿಗೆ ಮರಳಿದವು. ಷಿಕಾಗೋ ನಗರದ ಸ್ಟೇಟ್ ಸ್ಟ್ರೀಟಿಗೆ 1979ರಲ್ಲಿ ಬಸ್ಸುಗಳನ್ನು ಬಿಟ್ಟು ಉಳಿದ ವಾಹನಗಳನ್ನು ನಿಷೇಧಿಸಿದ್ದರು, 1996ರಲ್ಲಿ ಮತ್ತೆ ಬಿಟ್ಟರು. ಕಲಮಜೂ ಸಹ 1998ರಲ್ಲಿ ತನ್ನ ಬೀದಿಯ ಒಂದು ಭಾಗಕ್ಕೆ ಕಾರುಗಳನ್ನು ಬರಗೊಟ್ಟಿತು.

ಒಂದು ಕಡೆ ಗೆದ್ದದ್ದು ಇನ್ನೊಂದು ಕಡೆ ಏಕೆ ಸೋತಿತು? ಚಳಿ ಎರಡು ಕಡೆಯೂ ಇತ್ತು. ಅಮೆರಿಕದ ಊರುಗಳಲ್ಲಿ ಜನ ಆಗಲೇ ಪೇಟೆಯ ಸುತ್ತಲಿಂದ ಎದ್ದು ಹತ್ತಾರು ಮೈಲಿ ಆಚೆಯ ಬಡಾವಣೆಗಳಿಗೆ ಹೋಗಿದ್ದರು. ಅಂಗಡಿಗಳೂ ಅವರ ಬೆನ್ನು ಹತ್ತಿ ಹೋದವು. ಉಳಿದದ್ದು ಕಲ್ಲುಹಾಸಿನ, ಹೂಕುಂಡದ, ಜನವಿಲ್ಲದ ಬೀದಿ. ನಡೆಯುವವರಿಗೆಂದು ಬಿಟ್ಟ ಬೀದಿಗೆ ನಡೆದು ಬರುವಷ್ಟು ದೂರದಲ್ಲಿ ಮನೆಗಳೇ ಇರಲಿಲ್ಲ. ವಾಹನವನ್ನು ತೆಗೆದ ಮಾತ್ರಕ್ಕೆ ಮನುಷ್ಯ ಬರುವುದಿಲ್ಲ. ಅಂಥ ಬೀದಿಯನ್ನು ತಿರುಗಿ ವಾಹನಗಳಿಗೆ ಕೊಟ್ಟವರನ್ನು ನಾನು ದೂರಲಾರೆ. ಆದರೆ ನಮ್ಮ ಊರುಗಳ ಹಳೆಯ ಪೇಟೆಗಳ ಪಾಡು ಅದಲ್ಲ. ಇಲ್ಲಿ ಅಂಗಡಿಯ ಮೇಲೆಯೇ ಮನೆ, ಹಿಂದಿನ ಓಣಿಯಲ್ಲಿ ಇನ್ನಷ್ಟು ಮನೆ, ಗುಡಿ, ಮಸೀದಿ, ಶಾಲೆ. ನಡೆಯುವವರು ಎಲ್ಲಿಂದಲೋ ಬರಬೇಕಾಗಿಲ್ಲ. ಅವರು ಅಲ್ಲಿಯೇ ಇದ್ದಾರೆ, ಅಂಚಿನಲ್ಲಿ.

ಇನ್ನು ಅಕ್ಕನ ವಿಷಯ. ಚರ್ಚ್ ಸ್ಟ್ರೀಟಿನ ಸಂಜೆಯಾದ ಮೇಲೆ ನಾನು ಈ ಪಕ್ಷದ ಕಟ್ಟಾಳಾಗಿಬಿಟ್ಟಿದ್ದೆ. ಊರಲ್ಲಿ ಸಿಕ್ಕಸಿಕ್ಕವರಿಗೆಲ್ಲ ಉಪದೇಶ. ಒಂದು ಜಾತ್ರೆಯ ದಿನ ಅಕ್ಕನನ್ನು ಆಟೋದಲ್ಲಿ ಕೂರಿಸಿಕೊಂಡು ಸೀರೆ ಅಂಗಡಿಗೆ ಹೊರಟೆ. ಅರ್ಧ ಫರ್ಲಾಂಗು ಇರುವಾಗ ಅಡ್ಡಗಟ್ಟೆ. ಇಳಿದು ನಡೆಯೋಣ ಎಂದೆ. ಅವಳು ಇಳಿಯಲಿಲ್ಲ. “ನಡಿಯೋರು ನೀವು ನಡೀರಿ. ನಾ ಎಲ್ಲಿಗೆ ಹೋಗ್ಲಿ?” ಎಂದಳು. ಆಟೋದವನು ತಿರುಗಿಸಿದ. ಮನೆಯವರೆಗೂ ಅವಳು ಮಾತನಾಡಲಿಲ್ಲ.

ವಾಹನವಿಲ್ಲದ ಬೀದಿಗೆ ವಿರೋಧವಾಗಿ ನಾನು ಕೇಳಿದ ವಾದಗಳಲ್ಲಿ ಇದೊಂದೇ ನನ್ನನ್ನು ನಿದ್ದೆಗೆಡಿಸಿದ್ದು. ವರ್ತಕನ ಲಾಭನಷ್ಟಕ್ಕೆ ಉತ್ತರವಿದೆ, ಮೇಷ್ಟ್ರ ಐವತ್ತು ಗಂಟೆಗೂ ಉತ್ತರವಿದೆ. ಕಾಲಿಲ್ಲದವರಿಗೆ, ಉಬ್ಬಸದವರಿಗೆ, ತುಂಬಿದ ಬಸುರಿಗೆ, ಅಂಗಡಿಗೆ ಮೂಟೆ ಹೊರುವ ಹಮಾಲಿಗೆ ಏನು ಹೇಳುವುದು? ಗಟ್ಟಿಮುಟ್ಟಾದವರು ತಮ್ಮ ಅಡ್ಡಾಟದ ಸುಖಕ್ಕಾಗಿ ಅಶಕ್ತರನ್ನು ಹೊರಗಿಟ್ಟರು ಎಂದಾಗುವುದಾದರೆ ಅಂಥ ಬೀದಿ ನನಗೂ ಬೇಡ.

ಆದರೆ ಇಲ್ಲೊಂದು ಸೂಕ್ಷ್ಮವಿದೆ. ಬೀದಿಯನ್ನು ಕಾರಿಗೆ ತೆರೆಯಿರಿ ಎಂದು ವಾದಿಸುವ ಪ್ರತಿಯೊಬ್ಬನೂ ತನ್ನ ಕಾರಿನ ಹಿಂದಿನ ಸೀಟಿನಲ್ಲಿ ಒಬ್ಬ ಅಕ್ಕನನ್ನು ಕೂರಿಸಿಕೊಂಡಿರುತ್ತಾನೆ. ಇಳಿಸಿ ನೋಡಿದರೆ ಹೆಚ್ಚಿನ ಕಾರುಗಳಲ್ಲಿ ಅವನೊಬ್ಬನೇ. ಅಕ್ಕನ ಹೆಸರಿನಲ್ಲಿ ತೆರೆದ ಬೀದಿಯಲ್ಲಿ ಅಕ್ಕ ಇಳಿಯುವುದಕ್ಕೆ ಜಾಗವಿರುವುದಿಲ್ಲ, ಏಕೆಂದರೆ ಅಂಗಡಿಯ ಮುಂದೆ ಬೆಳಗಿನಿಂದ ನಿಂತ ಬೇರೆಯವರ ಕಾರುಗಳಿರುತ್ತವೆ. ನಾನು ಮರುವಾರ, ಜಾತ್ರೆಯಿಲ್ಲದ ದಿನ, ಅವಳನ್ನು ಅದೇ ಅಂಗಡಿಗೆ ಕರೆದುಕೊಂಡು ಹೋದೆ. ಆಟೋ ಅಂಗಡಿಯ ಎದುರು ಸಾಲಿನವರೆಗೆ ಹೋಯಿತು. ಆಚೆಗೆ ದಾಟಬೇಕು. ಹತ್ತು ಹೆಜ್ಜೆಯ ಅಗಲ. ಅವಳು ಐದಾರು ನಿಮಿಷ ನನ್ನ ತೋಳು ಹಿಡಿದು ನಿಂತಳು. ಬೈಕುಗಳ ಹೊಳೆ ನಿಲ್ಲಲೇ ಇಲ್ಲ. ಮುಚ್ಚಿದ ಬೀದಿ ಅವಳನ್ನು ಅರ್ಧ ಫರ್ಲಾಂಗು ಆಚೆ ನಿಲ್ಲಿಸಿತ್ತು, ತೆರೆದ ಬೀದಿ ಹತ್ತು ಹೆಜ್ಜೆ ಆಚೆ ನಿಲ್ಲಿಸಿತು. ಸೀರೆ ಎರಡು ದಿನವೂ ಸಿಕ್ಕಲಿಲ್ಲ.

ದಿಲ್ಲಿಯ ಚಾಂದನಿ ಚೌಕದಲ್ಲಿ 2021ರಿಂದ ಕೆಂಪುಕೋಟೆಯ ಕಡೆಯಿಂದ ಫತೇಪುರಿ ಮಸೀದಿಯವರೆಗೆ ಬೆಳಗಿನ ಒಂಬತ್ತರಿಂದ ರಾತ್ರಿ ಒಂಬತ್ತರವರೆಗೆ ಮೋಟಾರು ವಾಹನಕ್ಕೆ ನಿಷೇಧ. ಆದರೆ ಸೈಕಲ್ ರಿಕ್ಷಾ ಉಂಟು. ಅಂಗಡಿಯ ಸರಕು ರಾತ್ರಿ ಬರಬಹುದು. ಅಂದರೆ ಮೋಟಾರಿಗೆ ಮುಚ್ಚುವುದೂ ಅಕ್ಕನಿಗೆ ಮುಚ್ಚುವುದೂ ಒಂದೇ ಆಗಬೇಕಾದ ಅಗತ್ಯವಿಲ್ಲ. ಹಾಗೆ ಆಗಿದ್ದರೆ ಅದು ಮುಚ್ಚಿದವರ ಸೋಮಾರಿತನ. ಅಡ್ಡಗಟ್ಟೆ ಇಡುವುದಕ್ಕೆ ಒಬ್ಬ ಪೊಲೀಸಿನವನು ಸಾಕು. ಮುದುಕಿಯೊಬ್ಬಳನ್ನು ಒಳಗೆ ಕರೆದೊಯ್ಯುವ ಏರ್ಪಾಡಿಗೆ ಯೋಚನೆ ಬೇಕು.

ಮುಚ್ಚುವವರ ಇನ್ನೊಂದು ಪಾಪವನ್ನೂ ಹೇಳದೆ ಬಿಟ್ಟರೆ ಅನ್ಯಾಯವಾದೀತು. ನಮ್ಮಲ್ಲಿಂದ ಅರವತ್ತು ಕಿಲೋಮೀಟರು ಹೋದರೆ ಹಂಪಿ. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾಗುವವರೆಗೆ ನಮ್ಮ ಜಿಲ್ಲೆಯದೇ. ವಿರೂಪಾಕ್ಷನ ಗುಡಿಯ ಮುಂದಿನ ಅಗಲವಾದ ರಥಬೀದಿ ಯಾರಿಗೆ ಗೊತ್ತಿಲ್ಲ? 1520ರ ಸುಮಾರಿಗೆ ಬಂದ ಪೋರ್ಚುಗೀಸ ಪ್ರವಾಸಿ ದೊಮಿಂಗೊ ಪಾಯೆಸ್ ಈ ಪಟ್ಟಣದ ಅಗಲವಾದ ಬೀದಿಗಳನ್ನೂ, ಸಾಲುಮನೆಗಳನ್ನೂ, ರತ್ನದ ವ್ಯಾಪಾರಿಗಳನ್ನೂ, ಸಂಜೆಯ ಸಂತೆಗೆ ಬರುತ್ತಿದ್ದ ನಿಂಬೆ, ಕಿತ್ತಳೆ, ದ್ರಾಕ್ಷಿಗಳನ್ನೂ ಬೆರಗಿನಿಂದ ಬರೆದಿಟ್ಟಿದ್ದಾನೆ. ವಿಠ್ಠಲ ದೇವಾಲಯದ ಕಡೆಗೆ ಈಗ ಪ್ರವಾಸಿಗಳ ಮೋಟಾರು ಹೋಗುವಂತಿಲ್ಲ. ದೂರದಲ್ಲಿಯೇ ಇಳಿದು ಬ್ಯಾಟರಿ ಗಾಡಿಯಲ್ಲಿ ಹೋಗಬೇಕು. ಕಲ್ಲಿನ ತೇರಿಗೆ ಕಾರಿನ ಹೊಗೆ ತಾಕಬಾರದೆಂಬುದು ಒಪ್ಪತಕ್ಕ ಮಾತು. ಆದರೆ ವಿರೂಪಾಕ್ಷನ ಬೀದಿಯಲ್ಲಿ 2011ರ ಜುಲೈ ತಿಂಗಳಿನಲ್ಲಿ ನಡೆದದ್ದು ಬೇರೆ. ಮಂಟಪಗಳ ಸಾಲಿನಲ್ಲಿ ಅಂಗಡಿಯಿಟ್ಟು ಸಂಸಾರ ಮಾಡಿಕೊಂಡಿದ್ದವರನ್ನು ಎಬ್ಬಿಸಿ, ಅವರು ಕಟ್ಟಿಕೊಂಡಿದ್ದುದನ್ನು ಕೆಡವಿದರು. ಸ್ಮಾರಕದ ರಕ್ಷಣೆಗಾಗಿ ಎಂದರು. ಅದರಲ್ಲಿ ಸತ್ಯವೂ ಇತ್ತು. ಈಗ ಅಲ್ಲಿ ನಿಂತರೆ ಬೀದಿ ಬಹಳ ಚೆನ್ನಾಗಿ ಕಾಣುತ್ತದೆ. ಕಾಣುವುದಕ್ಕೆ ಅಡ್ಡವಾಗಿ ಯಾರೂ ಇಲ್ಲ. ಪಾಯೆಸ್ ಕಂಡದ್ದು ಹೀಗಿರಲಿಲ್ಲ.

ಪೇಟೆಬೀದಿಗಳಲ್ಲಿಯೂ ಇದರ ಸಣ್ಣ ರೂಪ ನಡೆಯುತ್ತದೆ. ವಾಹನ ಹೋಯಿತು, ಕಲ್ಲುಹಾಸು ಬಂತು, ದೀಪದ ಕಂಬ ಬಂತು, ಬಾಡಿಗೆ ಏರಿತು, ಬಳೆಯವಳು, ಕಡಲೆಕಾಯಿಯ ಗಾಡಿಯವನು, ಚಪ್ಪಲಿ ಹೊಲಿಯುವವನು ಬೀದಿಯ ಅಂದಕ್ಕೆ ಒಪ್ಪುವುದಿಲ್ಲವೆಂದು ಒಂದು ದಿನ ಕಾಣೆಯಾದರು. ಬೀದಿ ವ್ಯಾಪಾರಿಗಳಿಗೆ ರಕ್ಷಣೆ ಕೊಡುವ ಕಾನೂನು 2014ರಿಂದ ಇದೆ. ಕಾನೂನು ಇದೆ ಎಂಬುದು ಗಾಡಿಯವನಿಗೆ ಗೊತ್ತಿರುವುದಿಲ್ಲ, ಎಬ್ಬಿಸುವವರಿಗೆ ನೆನಪಿರುವುದಿಲ್ಲ. ಕಾರನ್ನು ಹೊರಗಿಟ್ಟ ಬೀದಿ ಅದೇ ಉಸಿರಿನಲ್ಲಿ ಬಡವನನ್ನೂ ಹೊರಗಿಟ್ಟರೆ, ಅದನ್ನು ‘ನಡೆಯುವವರ ಬೀದಿ’ ಎಂದು ಕರೆಯಲು ನನ್ನ ನಾಲಗೆ ಏಳದು. ಕೊಳ್ಳುವವರ ಪಡಸಾಲೆ ಎನ್ನಬಹುದು.

ನಡೆಯುವ ಹಕ್ಕೆಂಬುದು ನಮ್ಮ ದೇಶದಲ್ಲಿ ಸುಮ್ಮನೆ ಸಿಕ್ಕ ವಸ್ತುವಲ್ಲ. 1924ರ ಮಾರ್ಚಿನಲ್ಲಿ ತಿರುವಾಂಕೂರು ಸಂಸ್ಥಾನದ ವೈಕಂನಲ್ಲಿ ಸತ್ಯಾಗ್ರಹ ಆರಂಭವಾದದ್ದು ಗುಡಿಯೊಳಗೆ ಹೋಗುವುದಕ್ಕಲ್ಲ. ಗುಡಿಯ ಸುತ್ತಲಿನ ರಸ್ತೆಗಳಲ್ಲಿ ನಡೆಯುವುದಕ್ಕೆ. ಆ ರಸ್ತೆಗಳು ಮುಚ್ಚಿರಲಿಲ್ಲ. ಮೇಲಿನವರೆನಿಸಿಕೊಂಡವರಿಗೆ, ಅನ್ಯಮತದವರಿಗೆ, ದನಕರುಗಳಿಗೆ ತೆರೆದಿದ್ದವು. ನಡೆಯಬಾರದವರಾಗಿದ್ದವರು ಅಸ್ಪೃಶ್ಯರೆನಿಸಿಕೊಂಡವರು ಮಾತ್ರ. ಗಾಂಧೀಜಿ 1925ರ ಮಾರ್ಚಿನಲ್ಲಿ ಅಲ್ಲಿಗೆ ಹೋದರು. ಆ ವರ್ಷದ ನವೆಂಬರಿನಲ್ಲಿ ಹೋರಾಟ ನಿಂತಾಗ ಮೂರು ದಿಕ್ಕಿನ ರಸ್ತೆಗಳು ತೆರೆದವು, ಪೂರ್ವದ್ದು ಉಳಿಯಿತು. ಇಲ್ಲಿ ‘ತೆರೆದವು’ ಎಂಬ ಮಾತಿಗೆ ಅದರ ನಿಜವಾದ ಅರ್ಥವಿದೆ. ನಿನ್ನೆಯವರೆಗೆ ಆ ಬೀದಿಯಲ್ಲಿ ಹೆಜ್ಜೆಯಿಡಲಾರದಿದ್ದ ಮನುಷ್ಯ ಇಂದು ಇಡಬಹುದು ಎಂಬ ಅರ್ಥ. ಜಾತಿಯ ಕ್ರೌರ್ಯವನ್ನೂ ಪೇಟೆಯ ಕಾರಿನ ತೊಂದರೆಯನ್ನೂ ನಾನು ಒಂದೇ ತಕ್ಕಡಿಯಲ್ಲಿ ತೂಗುತ್ತಿಲ್ಲ. ತೂಗಿದರೆ ಅದು ವೈಕಂನವರಿಗೆ ಅವಮಾನ. ಆದರೆ ಒಂದು ಬೀದಿ ತೆರೆದಿದೆಯೋ ಮುಚ್ಚಿದೆಯೋ ಎಂಬುದನ್ನು ಅಲ್ಲಿ ಸುಲಭವಾಗಿ ಓಡಾಡುವವರನ್ನು ಕೇಳಿ ತಿಳಿಯಲಾಗದು ಎಂಬ ಪಾಠ ಅಲ್ಲಿಂದಲೇ ನನಗೆ ಬಂದದ್ದು. ಓಡಾಡಲಾರದವರನ್ನು ಕೇಳಬೇಕು. ಅವರು ಬೀದಿಯಲ್ಲಿ ಸಿಕ್ಕುವುದಿಲ್ಲ, ಮನೆಯಲ್ಲಿರುತ್ತಾರೆ. ಅಭಿಪ್ರಾಯ ಕೇಳುವವರು ಅವರ ಮನೆಗೆ ಹೋಗಬೇಕು. ಕಾಲುದಾರಿಯಲ್ಲಿ ಸುರಕ್ಷಿತವಾಗಿ ನಡೆಯುವುದು ಜೀವಿಸುವ ಹಕ್ಕಿನ ಭಾಗವೆಂದು ಸರ್ವೋಚ್ಚ ನ್ಯಾಯಾಲಯ 2025ರ ಮೇ ತಿಂಗಳಿನಲ್ಲಿ ಹೇಳಿತು. ಸಂತೋಷ. ನಡೆದು ನಡೆದೇ ಒಂದು ಸಾಮ್ರಾಜ್ಯವನ್ನು ಅಲುಗಿಸಿದವರ ಹೆಸರು ಹೊತ್ತ ಬಡಾವಣೆಯಲ್ಲಿ ನಾನು ವಾಸವಾಗಿದ್ದೇನೆ. ಬೆಳಗ್ಗೆ ಹಾಲು ತರಲು ಹೋಗುವಾಗ ಕಾಲುದಾರಿಯ ಮೇಲೆ ನಿಂತ ಬೈಕುಗಳನ್ನು ಸುತ್ತಿಕೊಂಡು ರಸ್ತೆಗೆ ಇಳಿಯುತ್ತೇನೆ. ಅವುಗಳಲ್ಲಿ ಒಂದು ಕೆಲವು ದಿನ ನನ್ನದೇ ಆಗಿತ್ತು. ಈಚೆಗೆ ಕಾಂಪೌಂಡಿನ ಒಳಗೆ ನಿಲ್ಲಿಸುತ್ತೇನೆ.

ಹಾಗಾದರೆ ಚರ್ಚ್ ಸ್ಟ್ರೀಟನ್ನು ವಾಹನಕ್ಕೆ ಮರಳಿ ಕೊಟ್ಟದ್ದು ತಪ್ಪೇ? ತಪ್ಪೆಂದೇ ನನ್ನ ಅಭಿಪ್ರಾಯ. ಪ್ರಯೋಗ ಮುಗಿದ ದಿನ, ಯಾರ ಕಷ್ಟಕ್ಕಾಗಿ ವಾಹನ ಮರಳಬೇಕು, ಆ ಕಷ್ಟಕ್ಕೆ ಬೇರೆ ಪರಿಹಾರವಿಲ್ಲವೆ ಎಂದು ಬಹಿರಂಗವಾಗಿ ಕೇಳಿ, ಉತ್ತರ ಪಡೆದು, ಅನಂತರ ಬಿಟ್ಟಿದ್ದರೆ ನನ್ನ ದೂರು ಇರುತ್ತಿರಲಿಲ್ಲ. ಬೇಕೆನ್ನುವವರು ಕಾರಣ ಹೇಳಬೇಕಾದಂತೆ, ತಿರುಗಿ ತೆಗೆದುಕೊಳ್ಳುವವರೂ ಹೇಳಬೇಕು. ಮಗುವಿಗೆ ಕೊಟ್ಟ ಆಟದ ಸಾಮಾನನ್ನು ಕಿತ್ತುಕೊಳ್ಳುವಾಗಲೂ ನಾವು ಒಂದು ನೆಪ ಹೇಳುತ್ತೇವಲ್ಲ.

ಬಳ್ಳಾರಿಯ ಯಾವ ಪೇಟೆಬೀದಿಯನ್ನೂ ದಿನವಿಡೀ ಮುಚ್ಚಿ ಎಂದು ಮಾತ್ರ ನಾನು ಹೇಳಲಾರೆ. ನಮ್ಮ ಊರಿಗೆ ಎರಡೇ ಕಾಲ, ಬೇಸಗೆ ಮತ್ತು ಕಡುಬೇಸಗೆ ಎಂಬ ಹಾಸ್ಯವನ್ನು ಹೊರಗಿನವರು ಹಾಸ್ಯವೆಂದುಕೊಳ್ಳುತ್ತಾರೆ. ಏಪ್ರಿಲಿನ ಮಧ್ಯಾಹ್ನ ಬಂಡೆಗುಡ್ಡದ ಕಾವು ಊರಿನ ಮೇಲೆ ಇಳಿಯುವಾಗ ನೆರಳಿಲ್ಲದ ಕಲ್ಲುಹಾಸಿನ ಮೇಲೆ ನಡೆಯಿರಿ ಎಂದು ಹೇಳುವುದು ಶಿಕ್ಷೆ. ಬೆಂಗಳೂರಿನ ಹವೆಗೆ ಹೊಲಿದ ಅಂಗಿ ನಮಗೆ ಹಿಡಿಸುವುದಿಲ್ಲ. ಇಲ್ಲಿ ಮೊದಲು ಬೇವು ಬೆಳೆಯಬೇಕು, ಆಮೇಲೆ ಹಲಗೆ ನಿಲ್ಲಬೇಕು. ಅಲ್ಲಿಯವರೆಗೆ ಹೊತ್ತು ಮುಳುಗಿದ ಮೇಲೆ ಎರಡು ಮೂರು ಗಂಟೆ ಬಿಟ್ಟುಕೊಟ್ಟರೆ ಸಾಕು.

ಹೀಗೆಂದು ಒಂದು ಮನವಿ ಬರೆದು ನೆರೆಹೊರೆಯವರ ಸಹಿ ಹಾಕಿಸಬೇಕೆಂದು ಮೊನ್ನೆ ಕುಳಿತೆ. ಸಂಜೆ ಆರರಿಂದ ಒಂಬತ್ತರವರೆಗೆ ತೇರುಬೀದಿಯಲ್ಲಿ ವಾಹನ ಬೇಡ. ಅಶಕ್ತರಿಗೆ ಒಂದೆರಡು ಬ್ಯಾಟರಿ ಗಾಡಿ. ಗಾಡಿ ವ್ಯಾಪಾರಿಗಳನ್ನು ಎಬ್ಬಿಸಕೂಡದು. ಬರೆದು ಮುಗಿಸಿ ಅಕ್ಕನಿಗೆ ಓದಿ ಹೇಳಿದೆ. ಅವಳು ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತ ಕೊನೆಯವರೆಗೆ ಕೇಳಿದಳು.

“ಎಲ್ಲಾ ಚಲೋ ಐತಿ. ಮೊದ್ಲು ಕುಂದ್ರಾಕ ನಾಕು ಕಡೆ ಕಲ್ಲು ಹಾಕ್ಸ್ರಿ ಅಂತ ಬರಿ. ಆಮ್ಯಾಲೆ ನನ್ ಸಯ್ ತಗೋ” ಎಂದಳು.

ಕಾಗದವನ್ನು ಮತ್ತೆ ಬರೆಯುತ್ತಿದ್ದೇನೆ.